ಹೈಫಾ ಬೆಟ್ಟ ಹತ್ತಿದ ಮೈಸೂರು ಕುದುರೆಗಳು

ದೆಹಲಿಗೆ ಟೂರ್ ಹೋದೋರು ತೀನ್ ಮೂರ್ತಿ ಸರ್ಕಲ್ ನೋಡಿರ್ತೀರ. ನೆಹರು ಇದ್ದ ಬಂಗಲೆ ಮುಂದೆ ರಸ್ತೆ ಮಧ್ಯ ಒಂದು ಕಲ್ಲಿನ ಕಂಬ, ಅದರ ಸುತ್ತ ಮೂರು ಕಂಚಿನ ಸಿಪಾಯಿಗಳು. ನಾನೂ ಮೊದಲ ಸಲ ಆಟೋದಲ್ಲಿ ಅದನ್ನ ಒಂದು ರೌಂಡ್ ಹೊಡ್ದು, ಬ್ರಿಟಿಷರ ಕಾಲದ್ದು ಯಾವ್ದೋ ಇರ್ಬೇಕು ಅಂದ್ಕೊಂಡು ಬಂದೋನೇ. ಆಮೇಲೆ ಗೊತ್ತಾಯ್ತು, ಆ ಮೂವರಲ್ಲಿ ಒಬ್ಬ ನಮ್ಮೋನು. ಜೋಧಪುರ, ಹೈದರಾಬಾದ್, ಮೈಸೂರು, ಈ ಮೂರು ಸಂಸ್ಥಾನದಿಂದ ಮೊದಲನೇ ಮಹಾಯುದ್ಧಕ್ಕೆ ಹೋದ ಕುದುರೆ ಸವಾರರ ನೆನಪಿಗೆ 1922ರಲ್ಲಿ ನಿಲ್ಲಿಸಿದ್ದು ಅದು.

2017ರಲ್ಲಿ ಪ್ರಧಾನಿ ಮೋದಿ ಇಸ್ರೇಲಿಗೆ ಹೋಗಿ, 1918ರ ಸೆಪ್ಟೆಂಬರ್ 23ಕ್ಕೆ ಈ ಸವಾರರು ತುರ್ಕರಿಂದ ಗೆದ್ದ ಹೈಫಾ ಊರಿನ ಸ್ಮಶಾನದಲ್ಲಿ ನಮಸ್ಕಾರ ಮಾಡಿ ಬಂದ್ರು, ಮರುವರ್ಷ ಜನವರಿಯಲ್ಲಿ ಆ ಸರ್ಕಲ್ಲಿಗೆ ತೀನ್ ಮೂರ್ತಿ ಹೈಫಾ ಚೌಕ್ ಅಂತ ಹೆಸರಾಯ್ತು. ಅಲ್ಲಿಂದ ಪ್ರತಿ ಸೆಪ್ಟೆಂಬರ್ 23ಕ್ಕೆ ವಾಟ್ಸಾಪಲ್ಲಿ ಒಂದು ಫಾರ್ವರ್ಡ್ ಬರುತ್ತೆ: ಬರೀ ಭರ್ಜಿ ಹಿಡ್ಕೊಂಡು ಮಷಿನ್ ಗನ್ ಎದುರು ನುಗ್ಗಿದ್ರು, ಜಗತ್ತಿನ ಕಟ್ಟಕಡೇ ಅಶ್ವದಾಳಿ, ಜೋಧಪುರದ ವೀರರು ಅಂತ. ಪೂರ್ತಿ ಸುಳ್ಳು ಅಂತಲ್ಲ, ಆದ್ರೆ ಅರ್ಧಂಬರ್ಧ. ಬಿಟ್ಟುಹೋಗಿರೋ ಅರ್ಧದಲ್ಲೇ ಮೈಸೂರಿನೋರು ಇರೋದು, ಅದಕ್ಕೇ ಬರೀತಿದೀನಿ.

ಮೊದಲು ಈ ಪಡೆ ಎಲ್ಲಿಂದ ಬಂತು ಅಂತ ಹೇಳ್ಬೇಕು. 1889ರಲ್ಲಿ ಬ್ರಿಟಿಷರು ಸಂಸ್ಥಾನಗಳಿಗೆ ಒಂದು ಸ್ಕೀಮ್ ಕೊಟ್ರು: ನಿಮ್ಮ ಖರ್ಚಲ್ಲಿ ನೀವೇ ಒಂದು ಪಡೆ ಸಾಕಿ, ಯುದ್ಧ ಬಂದ್ರೆ ನಮಗೆ ಕಳಿಸಿ. ಇಂಪೀರಿಯಲ್ ಸರ್ವೀಸ್ ಟ್ರೂಪ್ಸ್ ಅಂತ ಹೆಸರು. ಐಡಿಯಾ ಯಾರಿಗೆ ಲಾಭ ಅಂತ ಬಿಡಿಸಿ ಹೇಳ್ಬೇಕಾಗಿಲ್ಲ. ಮೈಸೂರಲ್ಲಿ 1881ರಲ್ಲಷ್ಟೇ ರಾಜ್ಯ ಒಡೆಯರ ಕೈಗೆ ವಾಪಸ್ ಬಂದಿತ್ತು, ಇಲ್ಲ ಅನ್ನೋ ಪರಿಸ್ಥಿತೀಲಿ ಅವರೂ ಇರ್ಲಿಲ್ಲ. ಹತ್ತನೇ ಚಾಮರಾಜ ಒಡೆಯರ ಕಾಲದಲ್ಲಿ, 1892ರಲ್ಲಿ, ಮೈಸೂರು ಲ್ಯಾನ್ಸರ್ಸ್, ಅಂದ್ರೆ ಭರ್ಜಿ ಹಿಡಿದ ಕುದುರೆ ಸವಾರರ ಪಡೆ, ಶುರುವಾಯ್ತು. ಒಂದು ವಿಶೇಷ ಏನಂದ್ರೆ ಈ ಪಡೆಗಳಲ್ಲಿ ಆಫೀಸರುಗಳು ನಮ್ಮೋರೇ, ಬ್ರಿಟಿಷರು ಸಲಹೆಗಾರರ ಥರ ಜೊತೇಲಿ ಇರ್ತಿದ್ರು. ಮೈಸೂರಲ್ಲಂತೂ ಅರಸು ಮನೆತನದೋರು ತುಂಬಾ ಜನ, ಯುದ್ಧಕ್ಕೆ ಹೋದಾಗ ಕಮಾಂಡೆಂಟ್ ಆಗಿದ್ದೋರು ಚಾಮರಾಜ ಅರಸ್.

1914ರಲ್ಲಿ ಮೊದಲನೇ ಮಹಾಯುದ್ಧ ಶುರುವಾದ ಕೂಡ್ಲೇ ನಾಲ್ವಡಿ ಕೃಷ್ಣರಾಜ ಒಡೆಯರು 50 ಲಕ್ಷ ರೂಪಾಯಿ ಕೊಟ್ರು, ಲ್ಯಾನ್ಸರ್ಸ್ ಪಡೇನೂ ಕೊಟ್ರು. ಪಡೆ ಹಡಗು ಹತ್ತಿ ಈಜಿಪ್ಟಿಗೆ ಹೋಯ್ತು. ಮೊದಲೆರಡು ವರ್ಷ ಸೂಯೆಜ್ ಕಾಲುವೆ ಕಾಯೋ ಕೆಲಸ, ಮರಳು, ಬಿಸಿಲು, ಗಸ್ತು, ಹೇಳ್ಕೊಳ್ಳೋಂಥದ್ದು ಕಮ್ಮಿ. ಇಲ್ಲೊಂದು ತಮಾಷೆ ನೋಡಿ, 1786ರಲ್ಲಿ ಇದೇ ಮೈಸೂರಿಂದ ಟಿಪ್ಪು ಬ್ರಿಟಿಷರ ವಿರುದ್ಧ ಸಹಾಯ ಕೇಳೋಕೆ ತುರ್ಕಿ ಸುಲ್ತಾನನ ಹತ್ರ ರಾಯಭಾರಿಗಳನ್ನ ಕಳಿಸಿದ್ದ. ನೂರಮೂವತ್ತು ವರ್ಷ ಆದ್ಮೇಲೆ ಮೈಸೂರಿನ ಸವಾರರು ಬ್ರಿಟಿಷರ ಪರವಾಗಿ ಅದೇ ತುರ್ಕರ ಮೇಲೆ ಹೊರಟಿದ್ರು.

ಈಗ 1918ರ ಸೆಪ್ಟೆಂಬರ್. ಬ್ರಿಟಿಷರ ಜನರಲ್ ಅಲೆನ್‌ಬಿ 19ನೇ ತಾರೀಖು ಆಗ ತುರ್ಕರ ಕೈಲಿದ್ದ ಪ್ಯಾಲೆಸ್ತೈನಲ್ಲಿ ದೊಡ್ಡ ದಾಳಿ ಶುರು ಮಾಡ್ದ, ತುರ್ಕಿ ಸೈನ್ಯ ಕುಸೀತು, ಕುದುರೆ ಪಡೆ ಎಷ್ಟು ಫಾಸ್ಟಾಗಿ ಮುಂದೆ ಹೋಯ್ತು ಅಂದ್ರೆ ಹಿಂದಿಂದ ಊಟ, ಮೇವು, ಗುಂಡು ತಂದುಕೊಡೋದೇ ಸಮಸ್ಯೆ ಆಗ್ಬಿಡ್ತು. ಅದಕ್ಕೆ ಬಂದರು ಬೇಕು. ಹೈಫಾದಲ್ಲಿ ಬಂದರೂ ಇತ್ತು, ರೈಲೂ ಇತ್ತು. ತುರ್ಕರು ಊರು ಬಿಟ್ಟು ಹೋಗಿದಾರೆ ಅನ್ನೋ ಸುದ್ದಿ ನಂಬಿ 22ಕ್ಕೆ ಮಷಿನ್ ಗನ್ ಹೊತ್ತ ಆರ್ಮರ್ಡ್ ಕಾರುಗಳನ್ನ ಕಳಿಸಿದ್ರು. ಯಾರೂ ಎಲ್ಲೂ ಹೋಗಿರ್ಲಿಲ್ಲ, ಸರಿಯಾಗಿ ಏಟು ತಿಂದು ವಾಪಸ್ ಬಂದ್ರು.

ಆ ಜಾಗ ಹೆಂಗಿದೆ ಅಂತ ಕಣ್ಣಿಗೆ ತಂದ್ಕೊಳ್ಳಿ, ಇಲ್ಲಾಂದ್ರೆ ಕಥೆ ಅರ್ಥ ಆಗಲ್ಲ. ಒಂದು ಕಡೆ ಕಾರ್ಮೆಲ್ ಬೆಟ್ಟ, ಇನ್ನೊಂದು ಕಡೆ ಕಿಶೋನ್ ಅಂತ ಹೊಳೆ, ಅದರ ದಡ ಪೂರ್ತಿ ಕೆಸರು. ಎರಡರ ಮಧ್ಯ ಇಕ್ಕಟ್ಟು ದಾರಿ, ಆ ದಾರಿ ಕೊನೇಲಿ ಊರು. ಬೆಟ್ಟದ ಮೇಲೆ ತುರ್ಕರ ತೋಪು, ಅಂದ್ರೆ ಫಿರಂಗಿ, ಕೆಳಗೆ ಮಷಿನ್ ಗನ್. ಮೇಲೆ ಕೂತಿರೋನಿಗೆ ಕೆಳಗೆ ಬರೋರೆಲ್ಲ ಅಂಗೈ ಮೇಲಿನ ನೆಲ್ಲಿಕಾಯಿ ಥರ ಕಾಣ್ತಾರೆ. ಅಂದ್ರೆ ಬೆಟ್ಟದ ಮೇಲಿನ ತೋಪು ಬಾಯಿ ಮುಚ್ಚೋ ತನಕ ಕೆಳಗಿನ ದಾರೀಲಿ ಕುದುರೆ ಬಿಡೋದು ಆತ್ಮಹತ್ಯೆ.

23ರ ಬೆಳಿಗ್ಗೆ ಮೈಸೂರು ಲ್ಯಾನ್ಸರ್ಸ್ ಮುಂದಿತ್ತು. ಹತ್ತು ಗಂಟೆ ಹೊತ್ತಿಗೆ ಬೆಟ್ಟದಿಂದ ಗುಂಡು ಸುರೀತು. ಆಗ ಮೈಸೂರಿನ ಒಂದು ಸ್ಕ್ವಾಡ್ರನ್ನನ್ನ, ಅಂದ್ರೆ ಒಂದು ತುಕಡೀನ, ಬೆಟ್ಟ ಹತ್ತೋಕೆ ಕಳಿಸಿದ್ರು, ಆಮೇಲೆ ಸಹಾಯಕ್ಕೆ ಬ್ರಿಟಿಷರ ಶೆರ್‌ವುಡ್ ರೇಂಜರ್ಸ್ ದಳವೂ ಹತ್ತಿತು. ಕಲ್ಲು, ಕುರುಚಲು, ಕಡಿದಾದ ಕಾಲುದಾರಿ. ನಂದಿಬೆಟ್ಟಕ್ಕೆ ಮೆಟ್ಟಿಲಲ್ಲಿ ಹತ್ತಿದೋರಿಗೆ ಗೊತ್ತು, ಬರೀಗೈಲಿ ಹತ್ತೋಕೇ ಉಸಿರು ಹೋಗುತ್ತೆ, ಇವ್ರು ನಾಲ್ಕು ದಿನದಿಂದ ನಡೀತಾನೇ ಇರೋ ಕುದುರೆಗಳ ಜೊತೆ, ಮೇಲಿಂದ ಹೊಡೀತಿರೋರ ಕಡೆಗೇ ಹತ್ತಬೇಕಿತ್ತು. ಹತ್ತಿದ್ರು. ಮೈಸೂರಿನೋರು ಮೇಲೆ ನುಗ್ಗಿ ನೌಕಾ ತೋಪುಗಳನ್ನ ಹಿಡಿದ್ರು.

ಮಧ್ಯಾಹ್ನ ಎರಡು ಗಂಟೆಗೆ ಕೆಳಗೆ ಜೋಧಪುರದೋರು ನುಗ್ಗಿದ್ರು. ಫಾರ್ವರ್ಡಲ್ಲಿ ಬರೋದು ಈ ಭಾಗ. ಹೊಳೆ ದಾಟೋಣ ಅಂದ್ರೆ ದಡದ ಕೆಸರು ಕುದುರೇನ ನುಂಗ್ತಿದೆ, ಓಡೋ ಓಟದಲ್ಲೇ ಇಡೀ ರೆಜಿಮೆಂಟು ಎಡಕ್ಕೆ ತಿರುಗಿ ಬೆಟ್ಟದ ಬುಡದಲ್ಲಿದ್ದ ಮಷಿನ್ ಗನ್ನುಗಳ ಮೇಲೇ ಬಿತ್ತು. ಅವರ ಮುಂದಾಳು ಮೇಜರ್ ದಲಪತ್ ಸಿಂಗ್ ಶೇಖಾವತ್ ಗುಂಡೇಟಿಗೆ ಬಿದ್ದ, ಕ್ಯಾಪ್ಟನ್ ಅಮನ್ ಸಿಂಗ್ ಜೋಧಾ ಮುಂದಾಳತ್ವ ತಗೊಂಡ. ಅಷ್ಟೂ ಹೊತ್ತು ಇನ್ನೊಂದು ಕಡೆಯಿಂದ ಗುಂಡು ಹಾರಿಸ್ತಾ ಶತ್ರುವಿನ ತಲೆ ಎತ್ತೋಕೆ ಬಿಡದೆ ಇದ್ದೋರು ಉಳಿದ ಮೈಸೂರಿನೋರು, ದಾರಿ ಬಿಡ್ತಿದ್ದ ಹಾಗೇ ಅವ್ರೂ ಹಿಂದೇನೇ ಊರೊಳಗೆ ನುಗ್ಗಿದ್ರು. ಸಂಜೆಯೊಳಗೆ ಹೈಫಾ ಕೈಗೆ ಬಂತು.

ಲೆಕ್ಕ ಹೀಗಿದೆ: ಸೆರೆ ಸಿಕ್ಕಿದೋರು 1,350, ತೋಪು 17, ಮಷಿನ್ ಗನ್ 11. ನಮ್ಮ ಕಡೆ ಸತ್ತೋರು 8, ಗಾಯ ಆದೋರು 34. ಇಷ್ಟು ಕಮ್ಮಿನಾ ಅಂತ ಅನ್ಸುತ್ತಲ್ವಾ? ಮುಂದಿನ ಅಂಕಿ ನೋಡಿ. ಸತ್ತ ಕುದುರೆ 60, ಗಾಯ ಆದ ಕುದುರೆ 83. ಮನುಷ್ಯರಿಗೆ ಬೀಳಬೇಕಾದ ಗುಂಡು ಅವು ತಿಂದಿದ್ವು. ಇದು ಬರೀ ಗುಂಡಿಗೆಯಿಂದ ಗೆದ್ದಿದ್ದೂ ಅಲ್ಲ. ನಮ್ಮ ಕಡೇನೂ ತೋಪಿತ್ತು, ಮಷಿನ್ ಗನ್ ಇತ್ತು, ಬೆಟ್ಟದ ಕೆಲಸ ಮುಂಚೇನೇ ಶುರುವಾಗಿತ್ತು. ಕುದುರೆ ನಾಗಾಲೋಟದಲ್ಲಿ ಬರ್ತಿದ್ರೆ ಗನ್ನಿನೋನಿಗೆ ಕ್ಷಣಕ್ಷಣಕ್ಕೂ ದೂರ ಬದಲಾಗ್ತಿರುತ್ತೆ, ಗುರಿ ಸರಿ ಮಾಡ್ಕೊಳ್ಳೋಷ್ಟರಲ್ಲಿ ಭರ್ಜಿ ಎದೆ ಹತ್ರ ಇರುತ್ತೆ.

ಇದೇ ಲೆಕ್ಕ ತಪ್ಪಿದ್ರೆ ಏನಾಗುತ್ತೆ ಅನ್ನೋದಕ್ಕೂ ಉದಾಹರಣೆ ಇದೆ, ಅದನ್ನ ಯಾರೂ ಫಾರ್ವರ್ಡ್ ಮಾಡಲ್ಲ. ಒಂದು ತಿಂಗಳಾದ್ಮೇಲೆ, ಅಕ್ಟೋಬರ್ 26ಕ್ಕೆ, ಸಿರಿಯಾದ ಅಲೆಪ್ಪೋ ಹತ್ರ ಹರಿತಾನ್ ಅನ್ನೋ ಹಳ್ಳೀಲಿ ಇದೇ ಮೈಸೂರು, ಜೋಧಪುರದ ಸವಾರರು ಮತ್ತೆ ನುಗ್ಗಿದ್ರು. ಎದುರಿಗಿದ್ದ ತುರ್ಕಿ ಪಡೆ ಅಂದ್ಕೊಂಡಿದ್ದಕ್ಕಿಂತ ತುಂಬಾ ದೊಡ್ಡದು, ಅದನ್ನ ನಡೆಸ್ತಿದ್ದೋನು ಮುಂದೆ ಅತಾತುರ್ಕ್ ಅಂತ ಹೆಸರಾದ ಮುಸ್ತಫಾ ಕೆಮಾಲ್. ದಾಳಿ ಕೈಕೊಡ್ತು, ಹೈಫಾಕ್ಕಿಂತ ಜಾಸ್ತಿ ಜನ ಸತ್ರು. ಅಲ್ಲಿಗೆ ಐದು ದಿನದಲ್ಲಿ ತುರ್ಕಿ ಜೊತೆ ಯುದ್ಧ ನಿಂತುಹೋಯ್ತು. ಐದು ದಿನ! ಹೈಫಾದ್ದೇ ಕಟ್ಟಕಡೇ ಅಶ್ವದಾಳಿ ಅನ್ನೋ ಮಾತು ಇಲ್ಲೇ ಬಿದ್ದುಹೋಗುತ್ತೆ, ಎರಡನೇ ಮಹಾಯುದ್ಧದಲ್ಲೂ ಪೋಲೆಂಡ್, ರಷ್ಯಾ ಕಡೆ ಕುದುರೆ ನುಗ್ಗಿವೆ.

ಮತ್ತೆ ಮೈಸೂರಿನ ಹೆಸರು ಯಾಕೆ ಹಿಂದೆ ಬಿತ್ತು? ನನಗನ್ಸೋದು, ಕಥೆಗೆ ಒಬ್ಬ ಹೀರೋ ಬೇಕು, ಜೋಧಪುರಕ್ಕೆ ರಣರಂಗದಲ್ಲೇ ಬಿದ್ದ ದಲಪತ್ ಸಿಂಗ್ ಇದ್ದ, ಹೈಫಾ ಹೀರೋ ಅಂತ ಹೆಸರೂ ಬಂತು. ಮೈಸೂರಿನೋರ ಕೆಲಸ ನಡೆದಿದ್ದು ಬೆಟ್ಟದ ಮರೇಲಿ. ಜೊತೆಗೆ ಸ್ವಾತಂತ್ರ್ಯ ಬಂದ್ಮೇಲೆ, ಬ್ರಿಟಿಷರಿಗೋಸ್ಕರ ಹೋರಾಡಿದೋರನ್ನ ಹೆಂಗೆ ನೆನೆಸ್ಕೊಳ್ಳೋದು ಅನ್ನೋ ಮುಜುಗರ ಎಲ್ರಿಗೂ ಇತ್ತು. ಸಂಸ್ಥಾನದ ಪಡೆಗಳು ಕರಗಿ, 1953ರಲ್ಲಿ ಮೈಸೂರು ಲ್ಯಾನ್ಸರ್ಸ್ ಕೂಡ ಭಾರತ ಸೈನ್ಯದ ಕುದುರೆ ಪಡೆ 61ನೇ ಕ್ಯಾವಲ್ರಿಯಲ್ಲಿ ಸೇರ್ಕೊಳ್ತು. ಅದರ ಮನೆ ಜೈಪುರ. ಹೈಫಾ ದಿನ ಅಲ್ಲಿ ತಪ್ಪದೆ ಮಾಡ್ತಾರೆ, ಕಥೆಯೂ ರಾಜಸ್ಥಾನದ್ದಾಯ್ತು.

ಬೆಂಗಳೂರಲ್ಲೂ ಒಂದು ಸ್ಮಾರಕ ಇದೆ. ಜೆ.ಸಿ. ನಗರದ ಕಡೆ, ಮೈಸೂರು ಲ್ಯಾನ್ಸರ್ಸ್ ಹೆಸರಲ್ಲೇ. ನಾನು ಅಡ್ರೆಸ್ ಕೇಳಿದ ಮೂರು ಜನಕ್ಕೂ ಗೊತ್ತಿರ್ಲಿಲ್ಲ, ನಾಲ್ಕನೆಯೋನು ಎಳನೀರು ಮಾರೋನು, "ಓ, ಕುದುರೆ ಮಿಲ್ಟ್ರಿಯೋರ್ ಕಲ್ಲಾ ಸಾರ್" ಅಂತ ಕೈ ತೋರಿಸ್ದ. ಹೋಗೋರು ಬೆಳಿಗ್ಗೇನೇ ಹೋಗಿ, ಸಂಜೆ ಜಯಮಹಲ್ ರೋಡ್ ಟ್ರಾಫಿಕ್ಕಲ್ಲಿ ಸಿಕ್ಕಾಕ್ಕೊಂಡ್ರೆ ಮನೆ ಸೇರೋಕೆ ರಾತ್ರಿಯಾಗುತ್ತೆ.