ಲೆಸ್ಟರ್ ಗೆದ್ದದ್ದು ಪವಾಡವೇ ಸರಿ, ಆದರೆ ರನಿಯೇರಿ ಎಲ್ಲರಿಗಿಂತ ದೊಡ್ಡ ಮ್ಯಾನೇಜರಾ?

ಓದುಗರ ಪ್ರಶ್ನೆ: 2016ರಲ್ಲಿ ಲೆಸ್ಟರ್ ಸಿಟಿ ಪ್ರೀಮಿಯರ್ ಲೀಗ್ ಗೆದ್ದದ್ದನ್ನು ಇಂಗ್ಲಿಷ್ ಫುಟ್‌ಬಾಲ್‌ನ ಅತಿ ದೊಡ್ಡ ಅಚ್ಚರಿ ಅಂತಾರೆ. ಹಾಗಿದ್ದರೆ, ದುಡ್ಡಿರುವ ಕ್ಲಬ್‌ನಲ್ಲಿ ಕೂತು ಸಾಲುಸಾಲು ಕಪ್ ಗೆದ್ದವರಿಗಿಂತ ಕ್ಲಾಡಿಯೊ ರನಿಯೇರಿ ಅವರೇ ದೊಡ್ಡ ಮ್ಯಾನೇಜರ್ ಅಲ್ಲವೇ?

ಒಂದೇ ಮಾತಿನಲ್ಲಿ ಹೇಳುವುದಾದರೆ, ಅಲ್ಲ. ಲೆಸ್ಟರ್ ಗೆಲುವು ಅತಿ ದೊಡ್ಡ ಅಚ್ಚರಿ ಎನ್ನುವುದಕ್ಕೆ ನನ್ನ ತಕರಾರಿಲ್ಲ. ಆದರೆ ಅಚ್ಚರಿಪಟ್ಟವರು ನಾವು. ನಾವು ಎಷ್ಟು ಕಡಿಮೆ ನಿರೀಕ್ಷಿಸಿದ್ದೆವು ಎನ್ನುವುದಷ್ಟೇ ಅದರಿಂದ ತಿಳಿಯುತ್ತದೆ. ಮ್ಯಾನೇಜರ್ ಎಷ್ಟು ದೊಡ್ಡವರೆಂದು ನೋಡಬೇಕಾದರೆ, ಅವರು ಬರುವ ಮೊದಲು ತಂಡದ ಗತಿ ಏನಿತ್ತು, ಎದುರಾಳಿಗಳಿಗೆ ಅವರ ಲೆಕ್ಕಾಚಾರ ತಿಳಿದ ಮೇಲೂ ಗೆದ್ದರೇ, ಇನ್ನೊಂದು ಕಡೆ ಹೋಗಿಯೂ ಅದನ್ನೇ ಮಾಡಿ ತೋರಿಸಿದರೇ ಎಂದು ಕೇಳಬೇಕು.

ಎಲ್ಲರ ಬಾಯಲ್ಲೂ ಇರುವ ಸಂಖ್ಯೆ 5000ಕ್ಕೆ 1. ಸೀಸನ್ ಶುರುವಾಗುವ ಮುನ್ನ ಲೆಸ್ಟರ್ ಮೇಲೆ ಒಂದು ಪೌಂಡ್ ಬಾಜಿ ಕಟ್ಟಿದ್ದವರಿಗೆ 5000 ಪೌಂಡ್ ಸಿಕ್ಕಿತು. ನನ್ನನ್ನು ಕೇಳಿದರೆ ಅದು ಕೂತು ಲೆಕ್ಕ ಹಾಕಿ ಬಂದ ಸಂಖ್ಯೆಯಲ್ಲ, ಹೇಗೂ ಆಗುವುದಿಲ್ಲ ಅಂತ ಬುಕ್‌ಮೇಕರ್‌ಗಳು ಉದಾರವಾಗಿ ಬರೆದಿಟ್ಟ ಸಂಖ್ಯೆ. ಯಾಕೆಂದರೆ ಸುಳಿವು ಆಗಲೇ ಇತ್ತು. 2014-15ರ ಕ್ರಿಸ್ಮಸ್ ಹೊತ್ತಿಗೆ ಅಂಕಪಟ್ಟಿಯ ತಳದಲ್ಲಿದ್ದ ಲೆಸ್ಟರ್, ಕೊನೆಯ ಒಂಬತ್ತು ಪಂದ್ಯಗಳಲ್ಲಿ ಏಳನ್ನು ಗೆದ್ದು ಹಿಂಬಡ್ತಿ, ಅಂದರೆ ಕೆಳಗಿನ ದರ್ಜೆಗೆ ಬೀಳುವುದನ್ನು, ತಪ್ಪಿಸಿಕೊಂಡಿತ್ತು. ಆಗ ಮ್ಯಾನೇಜರ್ ಆಗಿದ್ದವರು ನೈಜೆಲ್ ಪಿಯರ್ಸನ್. ವಾರ್ಡಿ, ಮಹ್ರೆಜ್, ಮಾರ್ಗನ್, ಶ್ಮೈಕಲ್, ಡ್ರಿಂಕ್‌ವಾಟರ್ ಎಲ್ಲರೂ ಆಗಲೇ ತಂಡದಲ್ಲಿದ್ದರು. ಲೀಗಿನ ಹೊರಗೆ ಆಡುತ್ತಿದ್ದ ವಾರ್ಡಿಯನ್ನು 2012ರಲ್ಲಿ ಫ್ಲೀಟ್‌ವುಡ್ ಟೌನ್‌ನಿಂದ ತಂದದ್ದು, ಫ್ರಾನ್ಸಿನ ಎರಡನೇ ದರ್ಜೆಯಲ್ಲಿದ್ದ ಮಹ್ರೆಜ್‌ರನ್ನು ಚಿಲ್ಲರೆ ದುಡ್ಡಿಗೆ ಹಿಡಿದದ್ದು ಇವೆಲ್ಲ ರನಿಯೇರಿ ಬರುವ ಮೊದಲಿನ ಕೆಲಸ. ಆಟಗಾರರನ್ನು ಹುಡುಕುವ ಹೊಣೆ ಹೊತ್ತಿದ್ದ ಸ್ಟೀವ್ ವಾಲ್ಷ್ ಹೆಸರು ಆ ಊರಿನ ಹೊರಗೆ ಎಷ್ಟು ಜನಕ್ಕೆ ಗೊತ್ತು?

ಹಾಗಂತ ರನಿಯೇರಿ ಸುಮ್ಮನೆ ಕೂತು ಗೆದ್ದರು ಅನ್ನುವುದು ಅನ್ಯಾಯ. ಚೆಲ್ಸಿಯಲ್ಲಿದ್ದಾಗ ವಾರಕ್ಕೊಂದು ತಂಡ ಇಳಿಸುತ್ತಾರೆ ಅಂತ ಪತ್ರಿಕೆಗಳು ಆಡಿಕೊಂಡ ಮನುಷ್ಯ, ಲೆಸ್ಟರ್‌ನಲ್ಲಿ ಕೈಕಟ್ಟಿ ನಿಂತು ಅದೇ ಹನ್ನೊಂದು ಜನರನ್ನು ಆಡಿಸಿದರು. ಮೊದಲ ಒಂಬತ್ತು ಲೀಗ್ ಪಂದ್ಯಗಳಲ್ಲಿ ಒಂದರಲ್ಲೂ ಎದುರಾಳಿಗೆ ಗೋಲು ಕೊಡದೆ ಮುಗಿಸಿರಲಿಲ್ಲ. ಕೊಡದೆ ಮುಗಿಸಿದರೆ ಪಿಜ್ಜಾ ಕೊಡಿಸುತ್ತೇನೆ ಅಂದರು. ಅಕ್ಟೋಬರ್‌ನಲ್ಲಿ ಕ್ರಿಸ್ಟಲ್ ಪ್ಯಾಲೇಸ್ ವಿರುದ್ಧ 1-0 ಆದ ಮೇಲೆ ಕರೆದುಕೊಂಡು ಹೋದದ್ದೂ ಹೌದು, ಆದರೆ ಹಿಟ್ಟು ತಟ್ಟಿ ಪಿಜ್ಜಾ ಮಾಡಿಕೊಳ್ಳಬೇಕಾದವರು ಆಟಗಾರರೇ. ಪತ್ರಿಕೆಗಳಿಗೆ ಒಳ್ಳೆ ಕಥೆ ಸಿಕ್ಕಿತು. ಅದಕ್ಕಿಂತ ಮುಖ್ಯವಾದದ್ದು, ಆರ್ಸೆನಲ್ ಕೈಲಿ 5-2 ಸೋತ ಮೇಲೆ ಅವರು ಎರಡೂ ಅಂಚಿನ ಡಿಫೆಂಡರ್‌ಗಳನ್ನು ಬದಲಿಸಿ ಸಿಂಪ್ಸನ್ ಮತ್ತು ಫುಕ್ಸ್‌ರನ್ನು ತಂದದ್ದು. ಮಾರ್ಚ್-ಏಪ್ರಿಲ್ ಹೊತ್ತಿಗೆ ಅದೇ ತಂಡ ಸತತ ನಾಲ್ಕು ಪಂದ್ಯಗಳನ್ನು 1-0ರಲ್ಲಿ ಗೆದ್ದಿತು. ಗೋಲು ಸೋರುತ್ತಿದ್ದ ತಂಡಕ್ಕೆ ಬಾಗಿಲು ಹಾಕುವುದನ್ನು ಕಲಿಸಿದ್ದು ಅವರೇ.

ಅದೃಷ್ಟವೂ ಕೂಡಿ ಬಂತು. ಹಾಲಿ ಚಾಂಪಿಯನ್ ಚೆಲ್ಸಿ ಹತ್ತನೇ ಸ್ಥಾನಕ್ಕೆ ಕುಸಿಯಿತು, ಮ್ಯಾಂಚೆಸ್ಟರ್‌ನ ಎರಡೂ ತಂಡಗಳು 66 ಅಂಕಕ್ಕೆ ನಿಂತವು. ಲೆಸ್ಟರ್‌ಗೆ ಯೂರೋಪಿನ ಪಂದ್ಯಗಳಿರಲಿಲ್ಲ, ಕಪ್‌ಗಳಿಂದಲೂ ಬೇಗ ಹೊರಬಿದ್ದಿತ್ತು, ಹಾಗಾಗಿ ಕಾಲುಗಳು ತಾಜಾ ಇದ್ದವು. ಆದರೂ 38 ಪಂದ್ಯಗಳಲ್ಲಿ ಮೂರೇ ಸೋಲು, 81 ಅಂಕ, ಎರಡನೇ ಸ್ಥಾನದ ಆರ್ಸೆನಲ್‌ಗಿಂತ ಹತ್ತು ಹೆಚ್ಚು! ಇದನ್ನು ಬರೀ ಅದೃಷ್ಟ ಅನ್ನುವವರ ಜೊತೆ ನಾನು ವಾದಕ್ಕೇ ಇಳಿಯುವುದಿಲ್ಲ.

ರನಿಯೇರಿಗೆ ತೊಡಕಾಗುವುದು ಮುಂದಿನ ವರ್ಷ. ಲೆಸ್ಟರ್‌ನ ಮಿಡ್‌ಫೀಲ್ಡರ್ ಎನ್‌ಗೊಲೊ ಕಾಂಟೆ ಚೆಲ್ಸಿಗೆ ಹೋಗಿ ಅಲ್ಲೂ ಲೀಗ್ ಗೆದ್ದರು. ಇತ್ತ ಎದುರಾಳಿಗಳು ಹಿಂದೆ ಸರಿದು ನಿಂತು, ವಾರ್ಡಿ ಓಡಲು ಜಾಗವೇ ಇಲ್ಲದಂತೆ ಮಾಡಿದರು. ಅದಕ್ಕೆ ಉತ್ತರ ಸಿಗಲಿಲ್ಲ. 2017ರ ಫೆಬ್ರವರಿಯಲ್ಲಿ, ಹಿಂಬಡ್ತಿಯ ಗೆರೆಗಿಂತ ಒಂದೇ ಅಂಕ ಮೇಲಿದ್ದಾಗ, ಅವರನ್ನು ತೆಗೆದುಹಾಕಿದರು. ಆ ರೀತಿ ನನಗೂ ಹಿಡಿಸಲಿಲ್ಲ. ಆದರೆ ಸಹಾಯಕರಾಗಿದ್ದ ಕ್ರೇಗ್ ಶೇಕ್ಸ್‌ಪಿಯರ್ ಅದೇ ಆಟಗಾರರನ್ನು ಇಟ್ಟುಕೊಂಡು ಮೊದಲ ಐದು ಲೀಗ್ ಪಂದ್ಯಗಳನ್ನೂ ಗೆದ್ದರು ಎನ್ನುವುದನ್ನು ಮರೆಮಾಚುವಂತಿಲ್ಲ.

ಈಗ ಇದರ ಪಕ್ಕಕ್ಕೆ ಇಪ್ಸ್‌ವಿಚ್ ಟೌನನ್ನು ಇಡಿ. ಈ ವಾದದಲ್ಲಿ ಅದರ ಹೆಸರು ಬರುವುದೇ ಅಪರೂಪ. ಟಿವಿ ವ್ಯಾಪಕವಾಗುವ ಮೊದಲಿನ ಕಥೆ ಅನ್ನುವುದೇ ಕಾರಣವಿರಬೇಕು. 1955ರಲ್ಲಿ ಆಲ್ಫ್ ರ‍್ಯಾಮ್ಸಿ ಬಂದಾಗ ತಂಡ ಮೂರನೇ ದರ್ಜೆಯಲ್ಲಿತ್ತು. 1957ರಲ್ಲಿ ಆ ದರ್ಜೆಯಲ್ಲಿ ಗೆದ್ದು ಮೇಲೆ ಬಂತು, 1961ರಲ್ಲಿ ಎರಡನೇ ದರ್ಜೆ ಗೆದ್ದಿತು, 1962ರಲ್ಲಿ ಮೊದಲ ದರ್ಜೆಯಲ್ಲಿ ಆಡಿದ ಮೊಟ್ಟಮೊದಲ ಸೀಸನ್ನಿನಲ್ಲೇ ಇಂಗ್ಲೆಂಡಿನ ಚಾಂಪಿಯನ್ ಆಯಿತು. ಹೊಸದಾಗಿ ಬಂದ ತಂಡ ಈ ಸಲ ಉಳಿದುಕೊಂಡರೆ ಸಾಕು ಅನ್ನುವ ಕಡೆ ಇದು ನಡೆದದ್ದು.

ರ‍್ಯಾಮ್ಸಿ ಮಾಡಿದ ಉಪಾಯ ಸರಳವಾಗಿತ್ತು. ಆ ಕಾಲದಲ್ಲಿ ವಿಂಗರ್ ಅಂದರೆ ಗೆರೆ ಹಿಡಿದುಕೊಂಡು ಮುಂದಕ್ಕೆ ಓಡುವವನು, ಅವನ ಬೆನ್ನಿಗೆ ಎದುರು ತಂಡದ ಫುಲ್‌ಬ್ಯಾಕ್, ಅಂದರೆ ಅಂಚಿನ ಡಿಫೆಂಡರ್. ರ‍್ಯಾಮ್ಸಿಯವರ ಎಡ ವಿಂಗರ್ ಜಿಮ್ಮಿ ಲೆಡ್‌ಬೆಟರ್ ಮೂವತ್ತು ದಾಟಿದ, ತೆಳ್ಳಗಿನ, ಓಟದಲ್ಲಿ ಯಾರನ್ನೂ ಹಿಂದಿಕ್ಕಲಾಗದ ಆಟಗಾರ. ಅವರನ್ನು ಮುಂದೆ ಕಳಿಸುವ ಬದಲು ಹಿಂದಕ್ಕೆ, ಮೈದಾನದ ನಡುಭಾಗಕ್ಕೆ ಎಳೆದು ನಿಲ್ಲಿಸಿದರು. ಫುಲ್‌ಬ್ಯಾಕ್‌ಗೆ ಗೊಂದಲ: ಅಷ್ಟು ಹಿಂದಕ್ಕೆ ಬೆನ್ನಟ್ಟಿ ಹೋಗಬೇಕೋ, ಜಾಗದಲ್ಲೇ ನಿಲ್ಲಬೇಕೋ? ಹೋದರೆ ಬೆನ್ನ ಹಿಂದೆ ಬಯಲು, ನಿಂತರೆ ಲೆಡ್‌ಬೆಟರ್‌ಗೆ ತಲೆಯೆತ್ತಿ ನೋಡಿ ಪಾಸ್ ಕೊಡುವಷ್ಟು ಪುರುಸೊತ್ತು. ಆ ಪಾಸ್‌ಗಳು ಹೋಗುತ್ತಿದ್ದದ್ದು ರೇ ಕ್ರಾಫರ್ಡ್ ಮತ್ತು ಟೆಡ್ ಫಿಲಿಪ್ಸ್ ಕಾಲಿಗೆ. ಆ ವರ್ಷ ಲೀಗಿನಲ್ಲಿ ಕ್ರಾಫರ್ಡ್ 33, ಫಿಲಿಪ್ಸ್ 28 ಗೋಲು ಹೊಡೆದರು. ಹಿಂದಿನ ವರ್ಷ ಲೀಗ್, ಕಪ್ ಎರಡನ್ನೂ ಗೆದ್ದಿದ್ದ ಟಾಟನ್‌ಹ್ಯಾಮ್ ಇಪ್ಸ್‌ವಿಚ್ ಕೈಲಿ ಎರಡು ಸಲ ಸೋತಿತು.

ಉಪಾಯ ಒಂದು ವರ್ಷಕ್ಕಿಂತ ಹೆಚ್ಚು ಬಾಳಲಿಲ್ಲ. 1962ರ ಆಗಸ್ಟ್‌ನಲ್ಲಿ, ಸೀಸನ್ ಶುರುವಿನ ಚಾರಿಟಿ ಶೀಲ್ಡ್ ಪಂದ್ಯದಲ್ಲಿ ಟಾಟನ್‌ಹ್ಯಾಮ್‌ನ ಬಿಲ್ ನಿಕೋಲ್ಸನ್, ಹಿಂದೆ ನಿಂತ ವಿಂಗರ್‌ಗಳನ್ನು ಹಿಡಿಯುವ ಕೆಲಸವನ್ನು ಮಿಡ್‌ಫೀಲ್ಡರ್‌ಗಳಿಗೆ ವಹಿಸಿ ಫುಲ್‌ಬ್ಯಾಕ್‌ಗಳನ್ನು ಅಲ್ಲಲ್ಲೇ ಉಳಿಸಿದರು. ಟಾಟನ್‌ಹ್ಯಾಮ್‌ಗೆ 5-1 ಗೆಲುವು! ಆ ಸೀಸನ್ನಿನಲ್ಲಿ ಇಪ್ಸ್‌ವಿಚ್ 17ನೇ ಸ್ಥಾನಕ್ಕೆ ಇಳಿಯಿತು. ಇಲ್ಲಿಗೆ ರ‍್ಯಾಮ್ಸಿಯವರದೂ ರನಿಯೇರಿಯವರದೂ ಒಂದೇ ಕಥೆಯಂತೆ ಕಾಣುತ್ತದೆ. ವ್ಯತ್ಯಾಸವೇನೆಂದರೆ ರ‍್ಯಾಮ್ಸಿ ಇಂಗ್ಲೆಂಡ್ ತಂಡಕ್ಕೆ ಹೋಗಿ, ಸಾಂಪ್ರದಾಯಿಕ ವಿಂಗರ್‌ಗಳೇ ಇಲ್ಲದ ತಂಡ ಕಟ್ಟಿ, 1966ರ ವಿಶ್ವಕಪ್ ಗೆದ್ದರು. ಅವರಿಲ್ಲದ ಇಪ್ಸ್‌ವಿಚ್ 1963-64ರಲ್ಲಿ 121 ಗೋಲು ಬಿಟ್ಟುಕೊಟ್ಟು ಕೆಳಗಿನ ದರ್ಜೆಗೆ ಬಿತ್ತು.

ಸೋತವರು ಹೊರಬೀಳುವ ಎಫ್‌ಎ ಕಪ್‌ನ ಫೈನಲ್ ಅಚ್ಚರಿಗಳನ್ನು ನಾನು ಈ ತಕ್ಕಡಿಗೆ ಹಾಕುವುದೇ ಇಲ್ಲ. 1973ರಲ್ಲಿ ಎರಡನೇ ದರ್ಜೆಯ ಸಂಡರ್‌ಲ್ಯಾಂಡ್ ಲೀಡ್ಸ್‌ನ್ನು ಸೋಲಿಸಿದ್ದು, 1988ರಲ್ಲಿ ವಿಂಬಲ್ಡನ್ ಲಿವರ್‌ಪೂಲ್‌ನ್ನು ಕೆಡವಿದ್ದು, 2013ರಲ್ಲಿ ವಿಗನ್ ಮ್ಯಾಂಚೆಸ್ಟರ್ ಸಿಟಿಯನ್ನು ಸೋಲಿಸಿ ಕೆಲವೇ ದಿನಗಳಲ್ಲಿ ಲೀಗಿನಿಂದ ಹಿಂಬಡ್ತಿ ಪಡೆದದ್ದು, ಎಲ್ಲ ಚೆಂದವೇ. ಆದರೆ ಫೈನಲ್ ಅಂದರೆ 90 ನಿಮಿಷ. ವಿಂಬಲ್ಡನ್‌ನಲ್ಲಂತೂ ನಾಲ್ಕನೇ ದರ್ಜೆಯಿಂದ ಮೊದಲ ದರ್ಜೆಗೆ ತಂಡವನ್ನು ತಂದವರು ಡೇವ್ ಬ್ಯಾಸೆಟ್, ಕಪ್ ಎತ್ತಿದ ದಿನ ಮ್ಯಾನೇಜರ್ ಕುರ್ಚಿಯಲ್ಲಿದ್ದವರು ಬಾಬಿ ಗೌಲ್ಡ್.

ಇನ್ನು ಬ್ರಯಾನ್ ಕ್ಲಫ್. 1975ರ ಜನವರಿಯಲ್ಲಿ ಅವರು ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೆ ಬಂದಾಗ ತಂಡ ಎರಡನೇ ದರ್ಜೆಯ ಅಂಕಪಟ್ಟಿಯ ನಡುವೆ ಎಲ್ಲೋ ಇತ್ತು. 1977ರಲ್ಲಿ ಮೂರನೇ ಸ್ಥಾನ ಪಡೆದು ಹೇಗೋ ಬಡ್ತಿ. 1978ರಲ್ಲಿ ಲಿವರ್‌ಪೂಲ್‌ಗಿಂತ ಏಳು ಅಂಕ ಮುಂದೆ ನಿಂತು ಲೀಗ್ ಚಾಂಪಿಯನ್, ಅದೂ ಗೆಲುವಿಗೆ ಈಗಿನಂತೆ ಮೂರಲ್ಲ, ಎರಡೇ ಅಂಕ ಕೊಡುತ್ತಿದ್ದ ಕಾಲದಲ್ಲಿ. ಲೆಸ್ಟರ್ ಕಥೆ ಮುಗಿಯುವ ಜಾಗದಲ್ಲಿ ಫಾರೆಸ್ಟ್ ಕಥೆ ಶುರು. ಎಲ್ಲರಿಗೂ ಅವರ ಆಟ ಗೊತ್ತಾದ ಮೇಲೂ, 1978ರ ಕೊನೆಯವರೆಗೆ, ಲೀಗಿನಲ್ಲಿ ಸತತ 42 ಪಂದ್ಯ ಸೋಲಲಿಲ್ಲ. ಯೂರೋಪಿಯನ್ ಕಪ್‌ನ (ಇಂದಿನ ಚಾಂಪಿಯನ್ಸ್ ಲೀಗ್) ಮೊದಲ ಸುತ್ತಲ್ಲೇ ಎದುರಾದದ್ದು ಸತತ ಎರಡು ವರ್ಷ ಆ ಕಪ್ ಗೆದ್ದಿದ್ದ ಲಿವರ್‌ಪೂಲ್. ಅವರನ್ನೇ ಮನೆಗೆ ಕಳಿಸಿದರು. 1979ರಲ್ಲಿ ಮ್ಯೂನಿಕ್‌ನಲ್ಲಿ ಮಾಲ್ಮೊ ವಿರುದ್ಧ, 1980ರಲ್ಲಿ ಮ್ಯಾಡ್ರಿಡ್‌ನಲ್ಲಿ ಹ್ಯಾಂಬರ್ಗ್ ವಿರುದ್ಧ 1-0. ಹೀಗೆ ಸ್ವದೇಶದ ಲೀಗ್ ಒಂದೇ ಸಲ ಗೆದ್ದು ಯೂರೋಪಿಯನ್ ಕಪ್ ಎರಡು ಸಲ ಗೆದ್ದ ಕ್ಲಬ್ ಇನ್ನೊಂದಿಲ್ಲ.

ಜಾನ್ ರಾಬರ್ಟ್‌ಸನ್ ಒಬ್ಬರನ್ನು ನೋಡಿದರೆ ಸಾಕು. ಕ್ಲಫ್ ಬಂದಾಗ ಅವರು ಮಾರಾಟದ ಪಟ್ಟಿಯಲ್ಲಿದ್ದ, ಮೈ ಬೆಳೆಸಿಕೊಂಡ, ಸಿಗರೇಟು ಬಿಡದ ಮಿಡ್‌ಫೀಲ್ಡರ್. ಅವರನ್ನು ಎಡ ಅಂಚಿಗೆ ತಂದು ತಂಡದ ಆಟವನ್ನೇ ಅವರ ಸುತ್ತ ಹೆಣೆದರು. ಮ್ಯೂನಿಕ್‌ನಲ್ಲಿ ಟ್ರೆವರ್ ಫ್ರಾನ್ಸಿಸ್ ತಲೆಗೆ ಚೆಂಡು ಕೊಟ್ಟದ್ದು ರಾಬರ್ಟ್‌ಸನ್, ಮ್ಯಾಡ್ರಿಡ್‌ನಲ್ಲಿ ಗೋಲು ಹೊಡೆದದ್ದೂ ರಾಬರ್ಟ್‌ಸನ್. ಫ್ರಾನ್ಸಿಸ್ ಹತ್ತು ಲಕ್ಷ ಪೌಂಡಿನ ಆಟಗಾರ ಹೌದು, ಹಾಗಾಗಿ ಫಾರೆಸ್ಟ್ ಕೊನೆಗೆ ಬಡ ತಂಡವಾಗಿ ಉಳಿದಿರಲಿಲ್ಲ. ಆದರೆ ಆ ದುಡ್ಡು ಬಂದದ್ದು ಗೆದ್ದ ಮೇಲೆ. ಅದಕ್ಕೂ ಮೊದಲು, 1972ರಲ್ಲಿ, ಇದೇ ಕ್ಲಫ್ ಡರ್ಬಿ ಕೌಂಟಿಯನ್ನು ಎರಡನೇ ದರ್ಜೆಯಿಂದ ಎತ್ತಿ ಚಾಂಪಿಯನ್ ಮಾಡಿದ್ದರು. ಇನ್ನೊಂದು ಕಡೆ ಮಾಡಿ ತೋರಿಸಿದರೇ ಎಂಬ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಕಿಲ್ಲ.

ದುಡ್ಡಿರುವ ಕ್ಲಬ್‌ನಲ್ಲಿ ಕೂತವರು ಅಂದಿರಲ್ಲ, ಅಲ್ಲಿ ನನ್ನ ಸಣ್ಣ ಆಕ್ಷೇಪವಿದೆ. ಅಲೆಕ್ಸ್ ಫರ್ಗ್ಯುಸನ್ 1986ರ ನವೆಂಬರ್‌ನಲ್ಲಿ ಬಂದಾಗ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ದುಡ್ಡಿತ್ತು, ಹೆಸರಿತ್ತು, 1967ರ ನಂತರ ಒಂದು ಲೀಗ್ ಇರಲಿಲ್ಲ. ಅವರು 13 ಗೆದ್ದರು. 2013ರಲ್ಲಿ ನಿವೃತ್ತರಾದ ಮೇಲೆ ಆ ಕ್ಲಬ್ ಆಟಗಾರರ ಮೇಲೆ ಸುರಿದ ಹಣಕ್ಕೆ ಲೆಕ್ಕವಿಲ್ಲ, ಆದರೆ ಲೀಗ್ ಮತ್ತೆ ಬಂದಿಲ್ಲ. ಅಂಡರ್‌ಡಾಗ್ ಗೆಲುವೇ ಬೇಕೆಂದರೆ ಅದೂ ಅವರಲ್ಲಿದೆ, ಇಂಗ್ಲೆಂಡಿನಲ್ಲಲ್ಲ, ಸ್ಕಾಟ್ಲೆಂಡಿನಲ್ಲಿ: ಸೆಲ್ಟಿಕ್-ರೇಂಜರ್ಸ್ ಹಿಡಿತವನ್ನು ಅಬರ್ಡೀನ್‌ನಂಥ ತಂಡದಿಂದ ಮುರಿದು, 1983ರಲ್ಲಿ ಯೂರೋಪಿನ ಕಪ್ ವಿನ್ನರ್ಸ್ ಕಪ್ ಫೈನಲ್‌ನಲ್ಲಿ ರಿಯಲ್ ಮ್ಯಾಡ್ರಿಡ್‌ನ್ನೇ ಸೋಲಿಸಿದರು.

ಕ್ಲಫ್ ಅಭಿಮಾನಿಗಳಿಗೆ ಇಷ್ಟವಾಗದ ಒಂದು ಮಾತು ಬಾಕಿಯಿದೆ. ಡರ್ಬಿಯಲ್ಲೂ ಫಾರೆಸ್ಟ್‌ನಲ್ಲೂ ಲೀಗ್ ಗೆದ್ದಾಗ ಅವರ ಪಕ್ಕದಲ್ಲಿ ಪೀಟರ್ ಟೇಲರ್ ಇದ್ದರು. ಆಟಗಾರರನ್ನು ಮೂಸಿ ನೋಡಿ ಹೇಳುವ ಕಣ್ಣು ಟೇಲರ್‌ರದು, ಅವರನ್ನು ಆಡಿಸುವ ನಾಲಿಗೆ ಕ್ಲಫ್‌ರದು. ಟೇಲರ್ ಜೊತೆಗಿಲ್ಲದೆ ಲೀಡ್ಸ್‌ಗೆ ಹೋದ ಕ್ಲಫ್ 44 ದಿನದಲ್ಲಿ ಹೊರಬಿದ್ದರು. 1982ರಲ್ಲಿ ಟೇಲರ್ ಫಾರೆಸ್ಟ್ ಬಿಟ್ಟ ಮೇಲೆ ಲೀಗ್ ಕಪ್ ಎಂಬ ನಾಕೌಟ್ ಟೂರ್ನಿ ಎರಡು ಸಲ ಬಂತು, ಲೀಗ್ ಬರಲಿಲ್ಲ, 1993ರಲ್ಲಿ ತಂಡ ಹಿಂಬಡ್ತಿಯನ್ನೂ ಕಂಡಿತು. ಆದ್ದರಿಂದ ಇಲ್ಲದ್ದರಿಂದ ತಂಡ ಕಟ್ಟಿ ಗೆದ್ದವರು ಯಾರು ಎಂದು ಕೇಳಿದರೆ ನನ್ನ ಉತ್ತರ ಕ್ಲಫ್ ಮತ್ತು ಟೇಲರ್, ಇಬ್ಬರೂ ಸೇರಿ. ಒಬ್ಬರದೇ ಹೆಸರು ಹೇಳಿ ಅಂತ ಹಟ ಹಿಡಿದರೆ, ಫರ್ಗ್ಯುಸನ್.