ಹಳೆಯ ಐ5 ಪ್ರೊಸೆಸರ್‌ಗೆ ಯಾವ ಗ್ರಾಫಿಕ್ಸ್ ಕಾರ್ಡ್ ಹೊಂದುತ್ತದೆ?

ಪ್ರಶ್ನೆ: ನಮ್ಮ ಮನೆಯ ಕಂಪ್ಯೂಟರ್‌ನಲ್ಲಿರುವುದು ಇಂಟೆಲ್ ಐ5-4590 ಪ್ರೊಸೆಸರ್, 16 ಜಿಬಿ ರ‍್ಯಾಮ್, ಹಳೆಯ ಜಿಟಿಎಕ್ಸ್ 750 ಟಿಐ ಕಾರ್ಡ್. ಮಾನಿಟರ್ 1080ಪಿ, 60 ಹರ್ಟ್ಜ್‌ನದು. ಹನ್ನೆರಡನೆಯ ತರಗತಿ ಮುಗಿಸಿದ ಮಗನಿಗೆ ಆರ್‌ಟಿಎಕ್ಸ್ 4060 ಕೊಡಿಸುತ್ತೇನೆಂದು ಮಾತು ಕೊಟ್ಟಿದ್ದೇನೆ. ಮುಂಬೈಯ ಕಂಪ್ಯೂಟರ್ ಮಾರುಕಟ್ಟೆಯಾದ ಲ್ಯಾಮಿಂಗ್ಟನ್ ರಸ್ತೆಯ ಒಂದು ಅಂಗಡಿಯವರು "ಧಾರಾಳವಾಗಿ ಹಾಕಿ" ಎಂದರು. ಪಕ್ಕದವರು "ಬಾಟಲ್‌ನೆಕ್ ಆಗುತ್ತದೆ, ಕಂಪ್ಯೂಟರನ್ನೇ ಬದಲಿಸಿ" ಎಂದರು. ಯಾರ ಮಾತು ಕೇಳಲಿ?
— ಓದುಗರೊಬ್ಬರು, ಡೊಂಬಿವಲಿ

ಉತ್ತರ: ಇಬ್ಬರ ಮಾತಿನಲ್ಲೂ ಅರ್ಧರ್ಧ ನಿಜವಿದೆ. ಬಾಟಲ್‌ನೆಕ್ ಎಂದರೆ ನಿಧಾನವಾದ ಒಂದು ಭಾಗ ಉಳಿದವನ್ನೂ ತಡೆದು ನಿಲ್ಲಿಸುವುದು. 4060 ನಿಮ್ಮ ಕಂಪ್ಯೂಟರ್‌ನಲ್ಲಿ ಖಂಡಿತ ಓಡುತ್ತದೆ, ಆದರೆ ಅದಕ್ಕೆ ಕೊಟ್ಟ ದುಡ್ಡಿನಷ್ಟು ಕೆಲಸ ಮಾಡುವುದಿಲ್ಲ. ಹಾಗೆಂದು ಎಲ್ಲವನ್ನೂ ಕಿತ್ತು ಬದಲಿಸುವ ಅಗತ್ಯವೂ ಇಲ್ಲ.

ಆಟ ನಡೆಯುವಾಗ ಪ್ರತಿ ಫ್ರೇಮ್‌ನಲ್ಲಿ, ಅಂದರೆ ತೆರೆಯ ಮೇಲೆ ಮೂಡುವ ಒಂದೊಂದು ಚಿತ್ರದಲ್ಲಿ, ಯಾರು ಎಲ್ಲಿದ್ದಾರೆ, ಗುಂಡು ಯಾರಿಗೆ ತಾಗಿತು, ಏನೇನು ಚಿತ್ರಿಸಬೇಕು ಎಂದು ಲೆಕ್ಕ ಹಾಕಿಕೊಡುವುದು ಪ್ರೊಸೆಸರ್, ಚಿತ್ರಿಸುವುದು ಕಾರ್ಡ್. ಮಾಟುಂಗಾದ ಉಡುಪಿ ಹೋಟೆಲುಗಳಲ್ಲಿ ಬೆಳಗಿನ ಹೊತ್ತು ನೋಡಿದವರಿಗೆ ಇದು ಗೊತ್ತಿರುತ್ತದೆ: ಕಾವಲಿ ಎಷ್ಟೇ ಅಗಲವಿರಲಿ, ಒಳಗಿನಿಂದ ಹಿಟ್ಟು ಬಂದಷ್ಟೇ ದೋಸೆ. ಐ5-4590 ಬಂದದ್ದು 2014ರಲ್ಲಿ. ಅದಕ್ಕಿರುವುದು ನಾಲ್ಕು ಕೋರ್, ನಾಲ್ಕೇ ಥ್ರೆಡ್, ಅಂದರೆ ಒಂದೇ ಹೊತ್ತಿಗೆ ನಾಲ್ಕೇ ಕೆಲಸಗಳನ್ನು ನಡೆಸಬಲ್ಲದು. ಇಂದಿನ ದೊಡ್ಡ ಆಟಗಳು ಆ ನಾಲ್ಕನ್ನೂ ಪೂರ್ತಿ ದುಡಿಸಿಕೊಂಡುಬಿಡುತ್ತವೆ. ಆಟ ನಡುನಡುವೆ ಗಕ್ಕನೆ ನಿಂತು ಮುಂದೆ ಹೋಗುವುದು ಬಹಳ ಸಲ ಇದರಿಂದಲೇ.

ನಿಮ್ಮ ಪ್ರೊಸೆಸರ್ ಎಲ್ಲಿಯವರೆಗೆ ಎಳೆಯಬಲ್ಲದು ಎಂಬುದನ್ನು ಬಿಡಿಗಾಸು ಖರ್ಚಿಲ್ಲದೆ ಈಗಿರುವ ಕಾರ್ಡ್‌ನಿಂದಲೇ ತಿಳಿಯಬಹುದು. ಮಗ ಹೆಚ್ಚು ಆಡುವ ಆಟವನ್ನು ತೆರೆದು ರೆಸಲ್ಯೂಷನ್ನನ್ನು 720ಪಿಗೆ ಇಳಿಸಿ, ನೆರಳು, ಟೆಕ್ಸ್‌ಚರ್ ಎಲ್ಲವನ್ನೂ ಕನಿಷ್ಠಕ್ಕೆ ತನ್ನಿ, ಫ್ರೇಮ್‌ಗಳನ್ನು ಮಾನಿಟರ್‌ನ ವೇಗಕ್ಕೆ ಕಟ್ಟಿಹಾಕುವ ವಿ-ಸಿಂಕ್ ಆಫ್ ಮಾಡಿ. ಜನಸಂದಣಿ, ಎಷ್ಟು ದೂರದವರೆಗೆ ಕಾಣಬೇಕು ಎಂಬಂಥ ಸೆಟ್ಟಿಂಗ್‌ಗಳನ್ನು ಮಾತ್ರ ಮುಟ್ಟಬೇಡಿ, ಅವು ಪ್ರೊಸೆಸರ್‌ನ ಪಾಲಿನ ಕೆಲಸ. ಈಗ ಕಾರ್ಡ್‌ನ ಬಳಕೆ ಶೇ 99ರಿಂದ ಕೆಳಗಿಳಿದಿದ್ದರೆ, ಅಂದರೆ ಕಾರ್ಡ್ ಪ್ರೊಸೆಸರ್‌ಗಾಗಿ ಕಾಯುತ್ತಿದ್ದರೆ, ತೆರೆಯ ಮೇಲೆ ಕಾಣುವ ಫ್ರೇಮ್ ಸಂಖ್ಯೆಯೇ ನಿಮ್ಮ ಪ್ರೊಸೆಸರ್‌ನ ಮಿತಿ. ಎಷ್ಟೇ ದುಬಾರಿ ಕಾರ್ಡ್ ಹಾಕಿದರೂ ಅದರಾಚೆ ಹೆಚ್ಚೇನೂ ಸಿಗದು. ಅದು 60ರ ಆಸುಪಾಸಿನಲ್ಲಿದ್ದರೆ ಬೇಸರ ಬೇಡ. ನಿಮ್ಮ ಮಾನಿಟರ್ ತೋರಿಸುವುದೂ ಸೆಕೆಂಡಿಗೆ 60 ಫ್ರೇಮ್ ಮಾತ್ರ.

ಈ ಲೆಕ್ಕಕ್ಕೆ ಸರಿಹೊಂದುವ ಕಾರ್ಡ್‌ಗಳೆಂದು ನಾನು ಹೇಳುವುದು ಎರಡನ್ನು: 8 ಜಿಬಿಯ ಆರ್‌ಎಕ್ಸ್ 6600, ಇಲ್ಲವೇ 6 ಜಿಬಿಯ ಜಿಟಿಎಕ್ಸ್ 1660 ಸೂಪರ್. ಯಾವುದೆಂದು ಮದರ್‌ಬೋರ್ಡನ್ನು ನೋಡಿ ತೀರ್ಮಾನಿಸಬೇಕು. ಕ್ಯಾಬಿನೆಟ್‌ನ ಪಕ್ಕದ ಬಾಗಿಲು ತೆಗೆದು, ಧೂಳು ಒರೆಸಿ, ಸ್ಲಾಟ್‌ಗಳ ನಡುವೆ ಅಚ್ಚಾಗಿರುವ ಅಕ್ಷರಗಳನ್ನು ಓದಿ. ಬಿ85 ಎಂದಿದ್ದರೆ ಕಾರ್ಡ್‌ನ ಸ್ಲಾಟ್ ಪಿಸಿಐಇ (ಬೋರ್ಡ್‌ಗೂ ಕಾರ್ಡ್‌ಗೂ ನಡುವಿನ ಸಂಪರ್ಕ) 3.0, ಎಚ್81 ಎಂದಿದ್ದರೆ 2.0, ಅಂದರೆ ವೇಗ ಅರ್ಧ. 6600 ಬಳಸುವುದು ಆ ಸ್ಲಾಟ್‌ನ ಎಂಟು ಲೇನ್‌ಗಳನ್ನು (ಮಾಹಿತಿ ಸಾಗುವ ದಾರಿಗಳನ್ನು) ಮಾತ್ರ, 1660 ಸೂಪರ್ ಹದಿನಾರನ್ನೂ ಬಳಸುತ್ತದೆ. ಹಾಗಾಗಿ ಬಿ85ಕ್ಕೆ 6600, ಎಚ್81ಕ್ಕೆ 1660 ಸೂಪರ್. 1660 ಸೂಪರ್‌ನ ಎನ್‌ವಿಡಿಯಾ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಡೈರೆಕ್ಟ್‌ಎಕ್ಸ್ 12 ಬಳಸುವ ಹೊಸ ಆಟಗಳಲ್ಲಿ ಹಳೆಯ ಪ್ರೊಸೆಸರ್‌ಗಳ ಮೇಲೆ 6600ರ ಎಎಂಡಿಯದಕ್ಕಿಂತ ಹೆಚ್ಚು ಹೊರೆ ಹಾಕುವುದು 2021ರ ಪರೀಕ್ಷೆಗಳಲ್ಲಿ ಕಂಡುಬಂದಿತ್ತು. 6600ರ ಕಡೆಗೆ ನಾನು ವಾಲಲು ಇದೂ ಒಂದು ಕಾರಣ.

ಅಗ್ಗಕ್ಕೆ ಸಿಗುತ್ತದೆಂದು ಆರ್‌ಎಕ್ಸ್ 6500 ಎಕ್ಸ್‌ಟಿ ತರಬೇಡಿ. ಅದಕ್ಕಿರುವುದು ನಾಲ್ಕೇ ಲೇನ್, 4 ಜಿಬಿ ಮೆಮೊರಿ. ಹಳೆಯ ಬೋರ್ಡ್‌ನಲ್ಲಿ ಅದು ಉಸಿರುಗಟ್ಟುತ್ತದೆ. ಇಂಟೆಲ್‌ನ ಆರ್ಕ್ ಕಾರ್ಡ್‌ಗಳೂ ನಿಮಗಲ್ಲ.

ಕಂಪ್ಯೂಟರ್‌ಗೆ ವಿದ್ಯುತ್ ಒದಗಿಸುವ ಪೆಟ್ಟಿಗೆಯಾದ ಎಸ್‌ಎಂಪಿಎಸ್ ವಿಚಾರದಲ್ಲಿ ಮಾತ್ರ ದಯವಿಟ್ಟು ಉಪೇಕ್ಷೆ ಮಾಡಬೇಡಿ. ಠಾಣೆಯ ನನ್ನ ಸೋದರಮಾವನ ಮನೆಯಲ್ಲಿ, ಹೊಸ ಕಾರ್ಡ್ ಹಾಕಿದ ಮೂರನೆಯ ದಿನ ಹಳೆಯ ಎಸ್‌ಎಂಪಿಎಸ್ ಸುಟ್ಟು, ಜೊತೆಗೆ ಮದರ್‌ಬೋರ್ಡನ್ನೂ ಕೆಡಿಸಿತು. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದ ವಾಟ್ ಸಂಖ್ಯೆಯನ್ನು ನಂಬದೆ, ಪಕ್ಕದ ಚೀಟಿಯಲ್ಲಿ 12 ವೋಲ್ಟ್ ಸಾಲಿನೆದುರು ಎಷ್ಟು ಆಂಪಿಯರ್ ಎಂದು ನೋಡಿ. 25 ಎಂದಿದ್ದರೆ ಸಿಗುವುದು 300 ವಾಟ್. 6600ಕ್ಕೆ 132 ವಾಟ್, 1660 ಸೂಪರ್‌ಗೆ 125 ವಾಟ್ ಬೇಕು, ಎರಡಕ್ಕೂ ಎಂಟು ಪಿನ್ನಿನ ಕೇಬಲ್ ಬೇಕು. ಆ ಕೇಬಲ್ ಇಲ್ಲದಿದ್ದರೆ ಅಡಾಪ್ಟರ್ ಸಿಕ್ಕಿಸುವ ಬದಲು ಒಳ್ಳೆಯ 450 ವಾಟ್‌ನ ಎಸ್‌ಎಂಪಿಎಸ್ ಹಾಕಿಸಿ. ಕಚೇರಿಯಿಂದ ಹರಾಜಿನಲ್ಲಿ ಬಂದ ಪುಟ್ಟ ಡೆಸ್ಕ್‌ಟಾಪ್ ಆದರೆ ಎಸ್‌ಎಂಪಿಎಸ್ ಬದಲಿಸುವುದೇ ಕಷ್ಟ. ಅಂಥದಕ್ಕೆ ಸ್ಲಾಟ್‌ನಿಂದಲೇ 70 ವಾಟ್ ಪಡೆದು ನಡೆಯುವ 6 ಜಿಬಿಯ ಆರ್‌ಟಿಎಕ್ಸ್ 3050 ಸಾಕು.

ಉಳಿದ ಹಣದಲ್ಲಿ ಸೆಕೆಂಡ್ ಹ್ಯಾಂಡ್ ಐ7-4790 ಸಿಕ್ಕರೆ ತನ್ನಿ. ಅದೇ ಸಾಕೆಟ್ (ಬೋರ್ಡ್‌ನಲ್ಲಿ ಪ್ರೊಸೆಸರ್ ಕೂರುವ ಜಾಗ), ಅದೇ ತಲೆಮಾರು, ಆದರೆ ಎಂಟು ಥ್ರೆಡ್. ಆಟ ಗಕ್ಕನೆ ನಿಲ್ಲುವುದನ್ನು ತಗ್ಗಿಸಲು 4060ಕ್ಕಿಂತ ಇದೇ ಹೆಚ್ಚು ನೆರವಾಗುತ್ತದೆ.

ಇನ್ನೊಂದು ಮಾತನ್ನು ಮುಚ್ಚಿಡಲಾರೆ. ನಿಮ್ಮ ಪ್ರೊಸೆಸರ್ ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮಗ ಕಾಲೇಜು ಸೇರುವಾಗ ಹೊಸ ಕಂಪ್ಯೂಟರ್ ಕಟ್ಟಿಸುವುದು ಖಚಿತವಾಗಿದ್ದರೆ, ಈಗಲೇ 4060 ಕೊಂಡು ಆಮೇಲೆ ಅದಕ್ಕೆ ವರ್ಗಾಯಿಸುವುದು ತಪ್ಪಲ್ಲ. ಖಚಿತವಿಲ್ಲದಿದ್ದರೆ ಬೇಡ.

ಸೆಕೆಂಡ್ ಹ್ಯಾಂಡ್ ಕಾರ್ಡ್ ಕೊಳ್ಳುವಾಗ ಅದರ ಲೋಹದ ಪಟ್ಟಿ, ಸ್ಕ್ರೂಗಳು, ಎಚ್‌ಡಿಎಂಐ ಕಿಂಡಿಯ ಅಂಚನ್ನು ಮೊಬೈಲ್ ಟಾರ್ಚ್ ಬಿಟ್ಟು ನೋಡಿ. ಮುಂಬೈಯ ಉಪ್ಪುಗಾಳಿ ಮೊದಲು ತುಕ್ಕು ಹಿಡಿಸುವುದು ಅಲ್ಲೇ. ಅಂಗಡಿಯಲ್ಲೇ ಅರ್ಧ ಗಂಟೆ ಆಟ ಓಡಿಸಿ ತೋರಿಸಲು ಕೇಳಿ, ಒಪ್ಪದಿದ್ದರೆ ಮುಂದಿನ ಅಂಗಡಿಗೆ ಹೋಗಿ. ದಾದರ್‌ನಲ್ಲಿ ಗಾಡಿ ಬದಲಿಸಿ, ಲ್ಯಾಮಿಂಗ್ಟನ್ ರಸ್ತೆಗೆಂದು ಗ್ರಾಂಟ್ ರೋಡಿನಲ್ಲಿ ಇಳಿಯುವಾಗ ನಿಮ್ಮ ಮೊಬೈಲ್‌ನಲ್ಲಿ ಮೂರು ಫೋಟೊ ಇರಲಿ: ಮದರ್‌ಬೋರ್ಡ್‌ನ ಅಕ್ಷರಗಳದ್ದು, ಎಸ್‌ಎಂಪಿಎಸ್ ಚೀಟಿಯದ್ದು, ಕಾರ್ಡ್ ಕೂರುವ ಜಾಗವನ್ನು ಸ್ಕೇಲ್ ಇಟ್ಟು ಅಳೆದದ್ದು.