ಮೊಟ್ಟೆ ಎಣಿಸಿದರೆ ಮೌಲ್ಯಮಾಪನ ಆಗುತ್ತಾ?

ಕಳೆದ ವಾರ ಯಾದಗಿರಿಯಲ್ಲಿ ಒಂದು ಸಭೆಗೆ ಹೋಗಿದ್ದೆ. ಬ್ಯಾನರ್ ಮೇಲೆ ದಪ್ಪಕ್ಷರದಲ್ಲಿ ‘ಕಲಿಕಾ ಕಾರ್ಯಕ್ರಮದ ಮೌಲ್ಯಮಾಪನ’ ಅಂತಿತ್ತು. ಎರಡು ತಾಸು ನಡೆದ ಮಾತು ಇಷ್ಟೇ: ಎಷ್ಟು ಶಾಲೆಗೆ ಪುಸ್ತಕ ಮುಟ್ಟಿವೆ, ಎಷ್ಟು ಮಂದಿ ಶಿಕ್ಷಕರಿಗೆ ತರಬೇತಿ ಆಗಿದೆ, ಗ್ರೂಪಿಗೆ ಫೋಟೊ ಹಾಕದವರು ಯಾರು. ಮಕ್ಕಳಿಗೆ ಏನಾದರೂ ಬಂತಾ ಅಂತ ಒಬ್ಬರೂ ಕೇಳಲಿಲ್ಲ. ಸ್ವಾಮಿ, ಇದಕ್ಕೆ ಮೇಲ್ವಿಚಾರಣೆ ಅನ್ನುತ್ತಾರೆ. ಅದೂ ಬೇಕು. ಹೆಸರು ಮಾತ್ರ ಸರಿಯಾಗಿ ಹೇಳಿ.

ಮೇಲ್ವಿಚಾರಣೆ ಅನ್ನಲಿಕ್ಕೆ ನಾಚಿಕೆ ಯಾಕೋ ಗೊತ್ತಿಲ್ಲ. ಚೆಂದದ ಪದ ಅದು. ‘ಮೇಲ್’ ಕನ್ನಡದ್ದು, ‘ವಿಚಾರಣೆ’ ಸಂಸ್ಕೃತದಿಂದ ಬಂದದ್ದು. ಅದರ ಹೊಟ್ಟೆಯಲ್ಲಿರುವ ‘ಚರ್’ ಅಂದರೆ ಓಡಾಡು. ಸಂಚಾರದಲ್ಲಿ ಇರುವುದೂ ಅದೇ. ಬಿಸಿಲಲ್ಲಿ ಬೈಕ್ ಮೇಲೆ ಶಾಲೆಯಿಂದ ಶಾಲೆಗೆ ತಿರುಗುವ ಸಿಆರ್‌ಪಿಗಳೇ (ಒಂದಷ್ಟು ಶಾಲೆಗಳ ಗುಂಪನ್ನು ನೋಡಿಕೊಳ್ಳುವ ಸಂಪನ್ಮೂಲ ವ್ಯಕ್ತಿಗಳೇ) ಈ ಪದಕ್ಕೆ ಸರಿಯಾಗಿ ನಡೆಯುವವರು. ಇದೇ ಕೆಲಸಕ್ಕೆ ಬಳಸುವ ಇನ್ನೊಂದು ಪದ ‘ಉಸ್ತುವಾರಿ’. ಉರ್ದು ಬಲ್ಲವರನ್ನು ಕೇಳಿ ನೋಡಿ, ಗಟ್ಟಿತನ, ಅಲುಗದೆ ನಿಲ್ಲುವುದು ಅನ್ನುತ್ತಾರೆ. ನಮ್ಮಲ್ಲಿ ಅದು ಜಿಲ್ಲಾ ಸಚಿವರಿಗೆ ಅಂಟಿಕೊಂಡು ಸರಕಾರ ಬದಲಾದಾಗಲೆಲ್ಲ ಅಲುಗುತ್ತದೆ.

‘ಮೌಲ್ಯ’ದ ಹಿಂದೆ ‘ಮೂಲ್ಯ’ ಇದೆ. ಅಂದರೆ ಬೆಲೆ. ‘ಮಾಪನ’ದ ‘ಮಾ’ ಅಂದರೆ ಅಳೆ. ಮಾತ್ರೆ, ಪ್ರಮಾಣ ಎಲ್ಲ ಅದರ ಬಳಗವೇ. ಕಲಬುರಗಿ ಎಪಿಎಂಸಿಗೆ ಎಷ್ಟು ಚೀಲ ತೊಗರಿ ಬಂತು ಅಂತ ಬರೆದಿಡುವುದು ಒಂದು ಕೆಲಸ. ಕಾಳು ಅಂಗೈಗೆ ಹಾಕಿಕೊಂಡು ರೇಟು ಹೇಳುವುದು ಇನ್ನೊಂದು ಕೆಲಸ. ಚೀಲ ಎಣಿಸಿದವನು ರೇಟು ಕಟ್ಟಿದೆ ಅಂದರೆ ರೈತ ಸುಮ್ನೆ ಇರ್ತಾನಾ?

ಮೊಟ್ಟೆಯ ಕತೆಯನ್ನೇ ನೋಡಿ. 2021ರ ಡಿಸೆಂಬರ್‌ನಲ್ಲಿ ಬಿಸಿಯೂಟದ ಜತೆ ಮೊಟ್ಟೆ ಕೊಡುವುದು ಶುರುವಾದಾಗ ಬೀದರ್, ಕಲಬುರಗಿ, ಯಾದಗಿರಿ ಮೊದಲ ಪಟ್ಟಿಯಲ್ಲೇ ಇದ್ದವು. ದಿನಾ ಎಷ್ಟು ಮಕ್ಕಳು ಮೊಟ್ಟೆ ತಿಂದರು, ಎಷ್ಟು ಮಕ್ಕಳು ಬಾಳೆಹಣ್ಣು ತೆಗೆದುಕೊಂಡರು ಅಂತ ಮುಖ್ಯ ಗುರುಗಳು ಬರೆದಿಟ್ಟರೆ ಅದು ಮೇಲ್ವಿಚಾರಣೆ. ಆಮೇಲೆ ಒಂದು ಅಧ್ಯಯನ ನಡೆಯಿತು. ಮೊಟ್ಟೆ ಸಿಕ್ಕ ಯಾದಗಿರಿ ಮಕ್ಕಳನ್ನು, ಆಗಿನ್ನೂ ಸಿಗದ ಗದಗ ಮಕ್ಕಳ ಜತೆ ಹೋಲಿಸಿದರು. ಯಾದಗಿರಿ ಮಕ್ಕಳ ತೂಕ ಜಾಸ್ತಿ ಏರಿತ್ತು. ಇದು ಮೌಲ್ಯಮಾಪನ. ಗದಗ ಇಲ್ಲದಿದ್ದರೆ ‘ಬೆಳೆಯೋ ಮಕ್ಕಳು, ತೂಕ ಏರದೆ ಇನ್ನೇನು’ ಅಂತ ಯಾರಾದರೂ ತಳ್ಳಿಹಾಕಬಹುದಿತ್ತು. 2022ರಲ್ಲಿ ಮೊಟ್ಟೆ ರಾಜ್ಯಕ್ಕೆಲ್ಲ ಬಂತು.

ಗೊಂದಲಕ್ಕೆ ಅರ್ಧ ಕಾರಣ ಎಸ್ಸೆಸ್ಸೆಲ್ಸಿ. ಉತ್ತರ ಪತ್ರಿಕೆ ತಿದ್ದುವುದಕ್ಕೂ ಮೌಲ್ಯಮಾಪನ ಅಂತಲೇ ಹೆಸರು. ಮಗುವಿನ ಕಲಿಕೆ ಅಳೆಯಲು ಮೌಲ್ಯಾಂಕನ, ಮೌಲ್ಯನಿರ್ಣಯ ಅನ್ನುವ ಪದಗಳಿವೆ. 2022ರಲ್ಲಿ ಬಂದ ಪರೀಕ್ಷಾ ಮಂಡಲಿಯ ಹೆಸರಲ್ಲೇ ‘ಮೌಲ್ಯನಿರ್ಣಯ’ ಇದೆ. ಯೋಜನೆಗಳನ್ನು ಅಳೆಯಲು ಕರ್ನಾಟಕ ಮೌಲ್ಯಮಾಪನ ಪ್ರಾಧಿಕಾರ ಬೇರೆಯೇ ಇದೆ. ಇಂಗ್ಲಿಷಿನಲ್ಲಿ ಅದೂ ಕೆಇಎ, ಸಿಇಟಿ ನಡೆಸುವ ಪರೀಕ್ಷಾ ಪ್ರಾಧಿಕಾರವೂ ಕೆಇಎ. ಅದು ಇನ್ನೊಂದು ತಲೆನೋವು.

ಮಗುವಿನ ಅಂಕವನ್ನೇ ಕಾರ್ಯಕ್ರಮದ ಅಂಕ ಅಂದುಕೊಳ್ಳುವವರೂ ಇದ್ದಾರೆ. 2024ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ಯಾದಗಿರಿ 50.59%ಗೆ ನಿಂತು ಕೊನೆಯ ಸ್ಥಾನಕ್ಕೆ ಬಂತು. ‘ತರಬೇತಿ ಎಲ್ಲ ದಂಡ’ ಅಂತ ಮಾತು ಶುರುವಾಯಿತು. ಆ ವರ್ಷವೇ ನಕಲು ತಡೆಯಲು ಪರೀಕ್ಷಾ ಕೋಣೆಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂದಿತ್ತು, ರಾಜ್ಯದ ಫಲಿತಾಂಶವೇ ಕುಸಿದಿತ್ತು. ಕುಸಿದದ್ದರಲ್ಲಿ ಕ್ಯಾಮೆರಾದ ಪಾಲೆಷ್ಟು, ತರಬೇತಿಯ ಪಾಲೆಷ್ಟು? ಅದನ್ನು ಬಿಡಿಸಿ ಹೇಳಿದ ಮೇಲೆ ಬ್ಯಾನರ್ ಬರೆಸಿ.